ದಿನಕ್ಕೆ ಒಂದೇ ಸಲ

ಅವನಿಗೆ ಹುಟ್ಟಿದಾಗ ಇಟ್ಟ ಹೆಸರೊಂದಿತ್ತು. ಅದು ಬ್ಯಾಂಕಿನ ಪುಸ್ತಕದಲ್ಲಿ, ಕೊನೆಗೆ ಆಸ್ಪತ್ರೆಯ ಚೀಟಿಯಲ್ಲಿ ಬಳಕೆಯಾಯಿತು, ಅಷ್ಟೆ. ಉಳಿದಂತೆ ಮೂವತ್ತು ವರ್ಷ ಎಲ್ಲರ ಬಾಯಲ್ಲೂ ಅವನು ಇನ್ನೊಂಚೂರು. ಕಾರ್ಬ್ಯುರೇಟರ್ ಕಾಲದಲ್ಲಿ ಗ್ಯಾರೇಜು ಸೇರಿದವನು. ಎಂಜಿನ್ ಓಡುತ್ತಿರುವಾಗ ಬಾನೆಟ್ಟಿನೊಳಗೆ ತಲೆ ತೂರಿಸಿ, ಪೆಟ್ರೋಲಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಕಿವಿ ನಿಮಿರಿಸಿ, "ಇನ್ನೊಂಚೂರು" ಅನ್ನುತ್ತಿದ್ದ. ಕಾರಿನವನು ಸರಿಹೋಯಿತಲ್ಲ ಬಿಡಪ್ಪ ಎಂದರೂ ಬಿಡುತ್ತಿರಲಿಲ್ಲ. ಊಟಕ್ಕೆ ಕರೆಯಲು ಬಂದ ಹೆಂಡತಿಗೂ ಅದೇ ಉತ್ತರ. ಹೆಸರು ಯಾರಿಟ್ಟರೋ ತಿಳಿಯದು. ಕೂತ ಹಾಗೆ ಕೂತುಬಿಟ್ಟಿತು.

ಆಮೇಲೆ ತಿರುಪುಗಳು ಹೋದವು, ಎಂಜಿನ್ನಿಗೊಂದು ಕಂಪ್ಯೂಟರ್ ಬಂತು. ಎಷ್ಟು ಗಾಳಿಗೆ ಎಷ್ಟು ಇಂಧನ, ಕಿಡಿ ಯಾವಾಗ ಹಾರಬೇಕು, ಎಲ್ಲವೂ ಒಂದು ಪುಟ್ಟ ಡಬ್ಬಿಯೊಳಗಿನ ಅಂಕಿಗಳಾದವು. ಅವನ ಜೊತೆಗೆ ಕೆಲಸ ಕಲಿತ ಎಷ್ಟೋ ಮಂದಿ ಕೈಚೆಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡರು. ಇವನು ನಲವತ್ತು ದಾಟಿದ ಮೇಲೆ ಹಳೆಯದೊಂದು ಲ್ಯಾಪ್‌ಟಾಪ್ ಕೊಂಡು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಆರು ತಿಂಗಳು ಶಾಲೆಯ ಹುಡುಗನ ಹಾಗೆ ಬರೆದು ಬರೆದು ಕಲಿತ. ಅಂಕಿಗಳ ಪಟ್ಟಿ ತೆರೆದಾಗಲೂ ಅವನ ಬಲಗೈಯ ಎರಡು ಬೆರಳು ಗಾಳಿಯಲ್ಲಿ ಸ್ಕ್ರೂಡ್ರೈವರ್ ತಿರುಗಿಸಿದ ಹಾಗೆ ತಿರುಗುತ್ತಿದ್ದವು.

ಆ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕರಿ ಟೇಪು ಸುತ್ತಿತ್ತು. ಅದರ ತಂತಿಯನ್ನು ಕಾರಿಗೆ ಸಿಕ್ಕಿಸಿ ಕೀ ತಿರುಗಿಸಿದರೆ ಮೊದಲ ಸಲ ಎಂದೂ ಸಂಪರ್ಕ ಸಿಗುತ್ತಿರಲಿಲ್ಲ. ಕೀ ಆರಿಸಿ ಇನ್ನೊಮ್ಮೆ ತಿರುಗಿಸಬೇಕು, ಆಗ ಸಿಗುತ್ತಿತ್ತು. "ಕಿವುಡಿ ಇದು. ಮೊದಲನೇ ಸಲ ಕರೆದ್ರೆ ಓಗೊಡಲ್ಲ," ಎಂದು ನಗುತ್ತಿದ್ದ. ಹೊಸದು ಕೊಳ್ಳು ಎಂದವರಿಗೆ, ಕಿವುಡರನ್ನೆಲ್ಲ ಮನೆಯಿಂದ ಹೊರಗೆ ಹಾಕಲಾಗುತ್ತದೆಯೇ ಎಂದು ಕೇಳುತ್ತಿದ್ದ.

ಹೆದ್ದಾರಿಯ ಬದಿಯಲ್ಲಿ ಎಥನಾಲ್ ಮಾರುವ ಬಂಕ್ ತೆರೆದ ವರ್ಷ ಅವನಿಗೆ ಕೈತುಂಬ ಕೆಲಸ. ಎಥನಾಲ್ ಅಗ್ಗ, ಸ್ವಚ್ಛ. ಆದರೆ ಅದೇ ಗಾಳಿಗೆ ಪೆಟ್ರೋಲಿಗಿಂತ ಮೂರನೇ ಒಂದು ಪಾಲಾದರೂ ಹೆಚ್ಚು ಸುರಿಯಬೇಕು. ಪೆಟ್ರೋಲಿಗೆಂದು ಬರೆದ ಅಂಕಿಗಳಲ್ಲೇ ಓಡಿಸಿದರೆ ಎಂಜಿನ್ ಹಸಿದುಕೊಂಡು ಓಡಿ ಸುಟ್ಟುಹೋಗುತ್ತದೆ. ಅಂಕಿ ಬದಲಾಯಿಸುವವನು ಇವನೊಬ್ಬನೇ. ಟ್ಯಾಕ್ಸಿಯವರು ಸಾಲು ನಿಂತರು. ಆದರೆ ಎಥನಾಲಿಗೆ ಒಂದು ರೋಗವಿದೆ: ಚಳಿಯಲ್ಲಿ ಅದು ಆವಿಯಾಗಲು ಒಲ್ಲದು. ಬೆಳಗಿನ ಚಳಿಗೆ ಎಂಜಿನ್ ಹತ್ತುವುದಿಲ್ಲ. ಟ್ಯಾಕ್ಸಿಯವರು ಸ್ವೆಟರ್ ಹಾಕಿಕೊಂಡಷ್ಟೇ ಸಲೀಸಾಗಿ ಚಳಿಗಾಲಕ್ಕೆ ಪೆಟ್ರೋಲಿಗೆ ಮರಳಿದರು. ಇದು ಅವನ ಮುಖಕ್ಕೆ ಹೊಡೆದ ಹಾಗಾಯಿತು.

ಹೆಂಡತಿಯ ಕಾರನ್ನು ಚಳಿಯಲ್ಲೂ ಎಥನಾಲಿನಲ್ಲೇ ಹತ್ತಿಸಿ ತೋರಿಸುತ್ತೇನೆಂದು ಹಠಕ್ಕೆ ಬಿದ್ದ. ಅವಳು ರಕ್ತಪರೀಕ್ಷೆಯ ಪ್ರಯೋಗಾಲಯವೊಂದಕ್ಕೆ ಗಾಡಿ ಓಡಿಸುತ್ತಿದ್ದಳು. ಬೆಳಗ್ಗೆ ಐದೂವರೆಗೆ ಹೊರಟು ಮೂರು ಆಸ್ಪತ್ರೆಗಳಿಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ರಕ್ತದ ಕೊಳವೆಗಳನ್ನು ತುಂಬಿಕೊಂಡು ಏಳರೊಳಗೆ ತಲುಪಿಸಬೇಕು. ಕಾರು ಅವಳದೇ. ವರ್ಷದಲ್ಲಿ ಒಂದು ದಿನವೂ ಅವಳು ತಡವಾಗಿ ಹೋದವಳಲ್ಲ.

ಎಥನಾಲಿನ ಪೂರ್ತಿ ಲಾಭ ಸಿಗಬೇಕಾದರೆ ಎಂಜಿನ್ನಿನ ಹೆಡ್ಡನ್ನು, ಅಂದರೆ ಅದರ ಮೇಲಿನ ಲೋಹದ ಮುಚ್ಚಳವನ್ನು, ಹೆರೆದು ಒಳಗಿನ ಒತ್ತಡ ಹೆಚ್ಚಿಸಬೇಕು. ಹೆರೆಯಲು ಅದನ್ನು ಹೆಗಲ ಮೇಲೆ ಹೊತ್ತು ಲೇತ್ ಅಂಗಡಿಯವನ ಹತ್ತಿರ ಹೋದ. ಇಬ್ಬರೂ ಒಂದೇ ಗ್ಯಾರೇಜಿನಲ್ಲಿ ಬೈಗುಳ ತಿಂದು ಬೆಳೆದವರು. ಒಬ್ಬರ ಚಹದ ಲೋಟವನ್ನು ಇನ್ನೊಬ್ಬರು ಕೇಳದೆ ಎತ್ತಿಕೊಳ್ಳುವಷ್ಟು ಸಲುಗೆ. ಲೇತಿನವನು ಹೆಡ್ಡನ್ನು ತಿರುಗಿಸಿ ನೋಡಿ ಹೇಳಿದ:

"ಲೋ, ಇದನ್ನ ಹೆರೆದ್ರೆ ಆಮೇಲೆ ಪೆಟ್ರೋಲ್ ಹಾಕಂಗಿಲ್ಲ. ಎಂಜಿನ್ ಬಡಕೊಳ್ಳುತ್ತೆ. ಯೋಚನೆ ಮಾಡಿದೀಯ?"

"ವಾಪಸ್ ಬರೋರು ಯೋಚನೆ ಮಾಡ್ಬೇಕು. ನಾನ್ಯಾಕೆ ಮಾಡ್ಲಿ? ಹೆರಿ."

ಲೇತಿನವನು ಮೂರು ಸಲ ಅಳೆದು ಹೆರೆದುಕೊಟ್ಟ.

ಚಳಿಯಲ್ಲಿ ಎಂಜಿನ್ ಹತ್ತಿಸುವ ಅಂಕಿಗಳನ್ನು ಸರಿಮಾಡುವುದು ಬೇರೆಲ್ಲ ಕೆಲಸದಂತಲ್ಲ. ಬೇರೆಯದಾದರೆ ತಪ್ಪಿದರೆ ತಿದ್ದಿ ಮತ್ತೆ ನೋಡಬಹುದು. ಇದರಲ್ಲಿ ಎಂಜಿನ್ ಒಮ್ಮೆ ಹತ್ತಿತೋ, ಬಿಸಿಯಾಯಿತು. ಅದು ಮತ್ತೆ ಪೂರ್ತಿ ತಣ್ಣಗಾಗಲು ಒಂದು ರಾತ್ರಿ ಕಳೆಯಬೇಕು. ಹೀಗಾಗಿ ದಿನಕ್ಕೆ ಒಂದೇ ಸಲ. ಅದೂ ಆ ದಿನ ಬಿದ್ದಷ್ಟು ಚಳಿಗೆ ಮಾತ್ರ. ಅಂಕಿಗಳ ಪಟ್ಟಿಯಲ್ಲಿ ಹತ್ತು ಡಿಗ್ರಿಗೆ ಒಂದು ಚೌಕ, ಎಂಟಕ್ಕೆ ಒಂದು, ಆರಕ್ಕೆ ಒಂದು. ಕಿಟಕಿಯ ಸರಳಿಗೆ ಥರ್ಮಾಮೀಟರ್ ಕಟ್ಟಿ, ಆ ಚಳಿಗಾಲ ಪೂರ್ತಿ ಅವನು ಐದಕ್ಕೆ ಎದ್ದು, ಕಂಬಳಿ ಹೊದ್ದು, ಹೊರಗಿನ ಕಬ್ಬಿಣದ ಮೆಟ್ಟಿಲಿಳಿದು ಓಣಿಯಲ್ಲಿ ನಿಂತ ಕಾರಿನೊಳಗೆ ಕೂರುತ್ತಿದ್ದ. ಲ್ಯಾಪ್‌ಟಾಪ್ ತೊಡೆಯ ಮೇಲೆ. ಕೀ ತಿರುಗಿಸಿದೊಡನೆ, ಎಂಜಿನ್ ತಿರುಗುವ ಮುಂಚೆಯೇ, ಕಂಪ್ಯೂಟರ್ ಒಂದು ಗುಟುಕು ಇಂಧನವನ್ನು ಚಿಮ್ಮಿಸುತ್ತದೆ. ಅದು ಚಿಟಿಕೆ ಹೊಡೆದ ಹಾಗೆ ಕೇಳಿಸುತ್ತದೆ. ಕಿವುಡಿ ಓಗೊಡಲಿಲ್ಲ. ಆರಿಸಿ, ಮತ್ತೆ ತಿರುಗಿಸಿ. ಚಿಟಿಕೆ. ಓಗೊಟ್ಟಿತು. ಆಮೇಲೆ ಎಂಜಿನ್. ಹತ್ತಿದರೆ ನೋಟುಬುಕ್ಕಿನಲ್ಲಿ ಒಂದು ಗೆರೆ ಬರೆದು, ಬೆಚ್ಚಗಾದ ಕಾರನ್ನು ಹೆಂಡತಿಯ ಕೈಗೆ ಕೊಡುತ್ತಿದ್ದ. ಮದುವೆಯಾದ ಹೊಸತರಲ್ಲೂ ತನಗೆ ಇಷ್ಟು ಉಪಚಾರ ನಡೆದಿರಲಿಲ್ಲ ಎಂದು ಅವಳು ಛೇಡಿಸುತ್ತಿದ್ದಳು. ಚಳಿ ಮುಗಿಯುವ ಹೊತ್ತಿಗೆ ಆರು ಡಿಗ್ರಿಯವರೆಗೆ ಎಲ್ಲ ಚೌಕಗಳೂ ತುಂಬಿದ್ದವು. ಅದಕ್ಕಿಂತ ಕೆಳಗಿನವನ್ನು ಅಂದಾಜಿನಲ್ಲಿ ತುಂಬಿ, ಮುಂದಿನ ವರ್ಷ ನೋಡೋಣ ಎಂದ.

ಮುಂದಿನ ವರ್ಷಕ್ಕೆ ಅವನ ಶ್ವಾಸಕೋಶ ಕೈಕೊಟ್ಟಿತು. ಬೇಸಿಗೆಯಲ್ಲಿ ಬರೀ ಕೆಮ್ಮು ಎಂದು ಕಡೆಗಣಿಸಿದ್ದು ಮಳೆಗಾಲದಲ್ಲಿ ಮೆಟ್ಟಿಲು ಹತ್ತಲು ಬಿಡದ ಏದುಸಿರಾಯಿತು. ಶ್ವಾಸಕೋಶ ಗಟ್ಟಿಯಾಗುತ್ತಿದೆ, ಮೆತ್ತಗಾಗಿಸುವ ಔಷಧವಿಲ್ಲ ಎಂದು ವೈದ್ಯರು ಹೆಂಡತಿಗೆ ಹೇಳಿದರು. ಅವನಿಗೆ ಹೇಳಬೇಕಾದ ಅಗತ್ಯ ಬೀಳಲಿಲ್ಲ. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ, ಓಣಿಯ ಕಡೆಗಿನ ಕಿಟಕಿಯ ಪಕ್ಕ ಮಂಚ ಹಾಕಿದರು. ಆಮ್ಲಜನಕದ ಯಂತ್ರ ಹಗಲೂ ಇರುಳೂ ಗೊರಗೊರ ಎನ್ನುತ್ತಿತ್ತು. ಬೆರಳಿಗೆ ಕಚ್ಚಿಸಿದ ಕ್ಲಿಪ್ಪಿನ ಅಂಕಿಯನ್ನು ನೋಡಿ, "ಗಾಳಿ ಕಮ್ಮಿ, ಇಂಧನ ಜಾಸ್ತಿ. ನನ್ನ ಪ್ಲಗ್ಗೂ ಕಪ್ಪಾಗಿರುತ್ತೆ ಕಣೋ," ಎಂದು ಲೇತಿನವನಿಗೆ ಹೇಳುತ್ತಿದ್ದ. ಲೇತಿನವನು ನಕ್ಕು, ಮೆಟ್ಟಿಲಿಳಿದು, ಕಾರಿನ ಮರೆಯಲ್ಲಿ ಸ್ವಲ್ಪ ಹೊತ್ತು ನಿಂತು ಮನೆಗೆ ಹೋಗುತ್ತಿದ್ದ.

ಚಳಿ ಶುರುವಾಯಿತು. ಈಗ ಕಾರು ಹತ್ತಿಸುವವಳು ಹೆಂಡತಿ. ಮೊದಲ ಚಳಿಯ ಬೆಳಗ್ಗೆ, ಒಂಬತ್ತು ಡಿಗ್ರಿ, ಅವಳು ಕೂತಳು, ಕೀ ಒಂದೇ ಉಸಿರಿಗೆ ತಿರುಗಿಸಿದಳು. ಎಂಜಿನ್ ಗಿರಗಿರ ತಿರುಗಿತು, ಹತ್ತಲಿಲ್ಲ. ಅವಳು ತಿರುಗಿಸುತ್ತಲೇ ಹೋದಳು. ಅದು ಒದ್ದೆ ಕೆಮ್ಮು ಕೆಮ್ಮಿ ಸುಮ್ಮನಾಯಿತು. ಮೇಲೆ ಮಂಚದಲ್ಲಿ ಅವನು ಪ್ರತಿ ಸುತ್ತನ್ನೂ ಎಣಿಸುತ್ತಿದ್ದ. ಕಿಡಿ ಹಾರಿಸುವ ಪ್ಲಗ್ ಒದ್ದೆಯಾದ ಮೇಲೆ ದೇವರು ಬಂದರೂ ಹತ್ತುವುದಿಲ್ಲ ಎಂದು ಅವನಿಗೆ ಗೊತ್ತು. ಲೇತಿನವನು ಓಡಿಬಂದು ನಾಲ್ಕೂ ಪ್ಲಗ್ ಬಿಚ್ಚಿದ. ಅವಳು ಅವನ್ನು ಬಾಣಲೆಯಲ್ಲಿ ಹಾಕಿ ಒಲೆಯ ಮೇಲೆ ಬಿಸಿಮಾಡಿದಳು. ಬೆಚ್ಚಗಿನ ಪ್ಲಗ್ ಸಿಕ್ಕಿಸಿ ಹತ್ತಿಸುವಾಗ ಆರೂ ಮುಕ್ಕಾಲು. ಅವಳು ಮೊದಲ ಸಲ ತಡವಾಗಿ ಹೋದಳು.

ಆ ಹಗಲು ಅವನು ಲ್ಯಾಪ್‌ಟಾಪನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಅಂಕಿ ತಿದ್ದಿದ. ಇನ್ನೊಂಚೂರು. ಮರುದಿನ ಬೆಳಗ್ಗೆ ಅವಳು ಲ್ಯಾಪ್‌ಟಾಪ್ ಕೆಳಗೊಯ್ದು, ಅವನು ಕಲಿಸಿದ ಹಾಗೆ ತಂತಿ ಸಿಕ್ಕಿಸಿ, ಹೊಸ ಅಂಕಿ ತುಂಬಿ ಕೀ ತಿರುಗಿಸಿದಳು. ಹತ್ತಿತು, ಬೆಂಕಿಕಡ್ಡಿ ಗೀರಿದ ಹಾಗೆ. ಮೇಲೆ ಅವನು ಕಣ್ಣು ಮುಚ್ಚಿಕೊಂಡು ಅದು ಬಿಸಿಯಾಗುವವರೆಗೂ ಕೇಳಿಸಿಕೊಂಡ.

ಅದರ ಮರುದಿನ ಹತ್ತಲಿಲ್ಲ.

ಮತ್ತೆ ತಿದ್ದಿದ. ಹೊಸ ಅಂಕಿ ತುಂಬಿದ ದಿನ ಹತ್ತಿತು. ಮಾರನೆಯ ದಿನ ಇಲ್ಲ. ಈ ಸಲ ಹೆಚ್ಚಿಸುವ ಬದಲು ತಗ್ಗಿಸಿ ನೋಡಿದ. ಅದೇ ಕಥೆ. ದಿನ ಬಿಟ್ಟು ದಿನ ಬರುವ ಜ್ವರದ ಹಾಗೆ. ಬ್ಯಾಟರಿ ಬದಲಾಯಿಸಿದ್ದಾಯಿತು. ಎಥನಾಲಿನಲ್ಲಿ ನೀರು ಬೆರೆತಿದೆಯೇನೋ ಎಂದು ಬಂಕಿನಿಂದ ಬಾಟಲಿಯಲ್ಲಿ ತರಿಸಿ, ಮಂಚದ ಮೇಲೇ ಗಾಜಿನ ಕೊಳವೆಯಲ್ಲಿ ಹಾಕಿ ಬೆಳಕಿಗೆ ಹಿಡಿದು ನೋಡಿದ. ಎಲ್ಲ ಸರಿಯಿತ್ತು. ಎಲ್ಲ ಸರಿಯಿದ್ದದ್ದೇ ಅವನನ್ನು ತಿಂದುಹಾಕಿತು. ಇಷ್ಟು ವರ್ಷ ಯಾವ ಎಂಜಿನ್ನೂ ಅವನಿಗೆ ಸುಳ್ಳು ಹೇಳಿರಲಿಲ್ಲ.

ನಾಲ್ಕನೆಯ ಸಲ ತಡವಾದಾಗ ಪ್ರಯೋಗಾಲಯದವರು, ರಕ್ತ ಕೆಟ್ಟರೆ ನಾವು ಯಾರಿಗೆ ಉತ್ತರ ಹೇಳೋಣಮ್ಮ ಎಂದು ಬೇಸರದಿಂದಲೇ ಹೇಳಿ, ಅವಳ ದಾರಿಯನ್ನು ಬೇರೆಯವರಿಗೆ ಕೊಟ್ಟರು. ಅವಳು ಅದನ್ನು ಗಂಡನಿಗೆ ಹೇಳಲಿಲ್ಲ. ಐದೂವರೆಗೆ ಕೆಳಗಿಳಿಯುವುದನ್ನು ಬಿಡಲಿಲ್ಲ. ಹತ್ತಿದ ದಿನ ಕಾರನ್ನು ಎಲ್ಲಾದರೂ ಮರದ ಕೆಳಗೆ ನಿಲ್ಲಿಸಿ, ಹತ್ತು ಗಂಟೆಯವರೆಗೆ ಸ್ಟಿಯರಿಂಗ್ ಹಿಡಿದು ಕೂತು ಬರುತ್ತಿದ್ದಳು. ಹತ್ತದ ದಿನ, ಇವತ್ತು ಅವರದೇ ಗಾಡಿ ಕಳಿಸಿದರು ಎನ್ನುತ್ತಿದ್ದಳು. ಲೇತಿನವನಿಗೊಬ್ಬನಿಗೆ, ಬಾಣಲೆಯಲ್ಲಿ ಪ್ಲಗ್ ಹೊರಳಿಸುತ್ತಾ, ತಲೆ ಎತ್ತದೆ ಹೇಳಿದಳು:

"ಅಣ್ಣ, ಕೆಲಸ ಹೋಯ್ತು. ಅವರಿಗೆ ಗೊತ್ತಾಗೋದು ಬೇಡ. ಈ ಕಾರೊಂದು ನನ್ನ ಕೈಯಲ್ಲಿ ಹತ್ತಿಬಿಟ್ರೆ ನೆಮ್ಮದಿಯಾಗಿ ಹೋಗ್ತೀನಿ ಅಂತ ಕಾಯ್ತಿದಾರೆ."

"ನೀನು ಹಾಗೆಲ್ಲ ಮಾತಾಡ್ಬೇಡಮ್ಮ."

"ನಾನಲ್ಲ ಆಡ್ತಿರೋದು. ಅವರೇ ಹೇಳಿದ್ದು."

ಆ ವಾರವೇ ಜಗಳವಾಯಿತು. ಜಗಳಕ್ಕೆ ಬೇಕಾದಷ್ಟು ಉಸಿರು ಅವನಲ್ಲಿರಲಿಲ್ಲ. ಆದ್ದರಿಂದ ಮಾತುಗಳು ತುಂಡು ತುಂಡಾಗಿ, ಮಧ್ಯೆ ಯಂತ್ರದ ಗೊರಗೊರ ಕೇಳುವಷ್ಟು ಬಿಡುವು ಕೊಟ್ಟು ಬಂದವು.

"ತಪ್ಪು ನನ್ನ ಅಂಕೀಲಿಲ್ಲ. ಹೆಡ್ಡಲ್ಲಿದೆ. ನೀನು ಜಾಸ್ತಿ ಹೆರೆದಿದೀಯ."

"ಮೂರು ಸಲ ಅಳೆದಿದೀನಿ ಕಣೋ. ನಿನ್ನೆದುರಿಗೇ."

"ಅಳತೆ ನಿಂದು. ಕಣ್ಣೂ ನಿಂದೇ. ನಾನೇನು ನೋಡ್ದೆ?"

ಲೇತಿನವನಿಗೆ ಸಿಟ್ಟು ನೆತ್ತಿಗೇರಿತು. ಯಾವ ಕೆಲಸಕ್ಕೆ ಬೇಕಾಗಿದೆ ನಿನ್ನ ಕಾರು, ಆ ಕೆಲಸ ಹೋಗಿ ವಾರವಾಯಿತು ಎನ್ನುವ ಮಾತು ಗಂಟಲಿನವರೆಗೆ ಬಂತು. ನುಂಗಿಕೊಂಡ. ನುಂಗಿಕೊಂಡದ್ದೇ ದೊಡ್ಡ ಉಪಕಾರ ಎಂಬಂತೆ ಎದ್ದು ಹೋದ. ಹನ್ನೊಂದು ದಿನ ಆ ಓಣಿಯ ಕಡೆ ತಲೆ ಹಾಕಲಿಲ್ಲ. ಪ್ರತಿ ದಿನ, ಅವನೇ ಕರೆ ಕಳಿಸಲಿ ಎಂದು ಕಾದ. ಏಳಲಾರದವನು ಕರೆಯಲಿ ಎಂದು ಎರಡು ಕಾಲಿರುವವನು ಕಾದ.

ಆ ಹನ್ನೊಂದು ದಿನಗಳಲ್ಲಿ ಒಂದು ಸಂಜೆ ಅವನು ಹೆಂಡತಿಯನ್ನು ಮಂಚದ ಅಂಚಿನಲ್ಲಿ ಕೂರಿಸಿಕೊಂಡು ಕೇಳಿದ:

"ಹೊಸ ಅಂಕಿ ತುಂಬಿದ ದಿನ ಹತ್ತುತ್ತೆ. ಮಾರನೇ ದಿನ ಹತ್ತಲ್ಲ. ಯಾಕೆ?"

"ನಿಮಗೇ ಗೊತ್ತಿಲ್ದಿದ್ರೆ ನಂಗೇನು ಗೊತ್ತು ರೀ."

"ನಿಂಗೇ ಗೊತ್ತಿರ್ಬೇಕು. ಕೆಳಗೆ ಕೂರೋಳು ನೀನು. ಏನೇನು ಮಾಡ್ತೀಯ, ಮೊದಲಿಂದ ಹೇಳು."

"ಏನು ಮಾಡ್ತೀನಿ? ಕೂರ್ತೀನಿ, ಕೀ ತಿರುಗಿಸ್ತೀನಿ."

"ಲ್ಯಾಪ್‌ಟಾಪ್ ಒಯ್ದ ದಿನ?"

"ಕೂರ್ತೀನಿ, ತಂತಿ ಹಾಕ್ತೀನಿ, ನೀವು ಬರೆದಿದ್ದನ್ನ ತುಂಬ್ತೀನಿ, ತಿರುಗಿಸ್ತೀನಿ. ಅಷ್ಟೇ ಕಣ್ರೀ."

ಅವನ ಬಲಗೈಯ ಎರಡು ಬೆರಳು ಗಾಳಿಯಲ್ಲಿ ತಿರುಗಿದವು, ನಿಂತವು. ಅವಳು ಸುಳ್ಳು ಹೇಳಿರಲಿಲ್ಲ. ಕಿವುಡಿಯನ್ನು ಎರಡು ಸಲ ಕರೆಯುವುದು ಆ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವ ಕೆಲಸವಾಗಿರಲಿಲ್ಲ. ಅವನೂ ಹಿಡಿದಿರಲಿಲ್ಲ.

ಹನ್ನೆರಡನೆಯ ದಿನ, ಬುಧವಾರ ಮಧ್ಯಾಹ್ನ ಮೂರರ ಹೊತ್ತಿಗೆ ಅವನು ಹೋದ. ಅವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಲ್ಯಾಪ್‌ಟಾಪ್ ತೆರೆದೇ ಇತ್ತು. ಆರು ಡಿಗ್ರಿಯ ಚೌಕದಲ್ಲಿ ಹಳೆಯ ಅಂಕಿ ಅಳಿಸಿತ್ತು, ಹೊಸದು ಬರೆದಿರಲಿಲ್ಲ. ಲೇತಿನವನು ಬಂದಾಗ ಆಮ್ಲಜನಕದ ಯಂತ್ರವನ್ನು ಯಾರೂ ಆರಿಸಿರಲಿಲ್ಲ. ಅವನು ಆರಿಸಿದ. ಆ ಕೋಣೆಯಲ್ಲಿ ಅವನು ಮಾಡಬಹುದಾಗಿದ್ದ ಕೆಲಸ ಅದೊಂದೇ ಉಳಿದಿತ್ತು.

ತಿಂಗಳಾದ ಮೇಲೆ ಅವಳು ಕಾರು ಮಾರಲು ನಿಶ್ಚಯಿಸಿದಳು. ಕೊಳ್ಳುವವನೊಬ್ಬ ಸಿಕ್ಕ, ಬರುವ ಸೋಮವಾರ ಬೆಳಗ್ಗೆ ಬರುತ್ತೇನೆ ಎಂದ. ಅದಕ್ಕೆ ನಾಲ್ಕು ದಿನ ಮುಂಚೆ, ಕಾರು ನಿಂತೇ ಇದೆಯಲ್ಲ, ಒಮ್ಮೆ ನೋಡೋಣವೆಂದು ಕೆಳಗಿಳಿದಳು. ಏಳು ಡಿಗ್ರಿ. ಕೂತು ಕೀ ತಿರುಗಿಸಿದಳು, ದೀಪಗಳು ಹತ್ತಿದವು. ಅಷ್ಟರಲ್ಲಿ ಕಾರಿನ ಕಾಗದಪತ್ರ ಮೇಲೆಯೇ ಬಿಟ್ಟದ್ದು ನೆನಪಾಗಿ ಆರಿಸಿ, ಮೆಟ್ಟಿಲು ಹತ್ತಿ, ತಂದು, ಮತ್ತೆ ಕೂತು ತಿರುಗಿಸಿದಳು. ಎಂಜಿನ್ ಅರ್ಧ ಸುತ್ತಿಗೇ ಹತ್ತಿತು.

ಅವಳು ಕೈ ತೆಗೆಯದೆ ಕೂತಳು. ಲ್ಯಾಪ್‌ಟಾಪ್ ಇರಲಿಲ್ಲ. ಅಂಕಿ ಯಾರೂ ತಿದ್ದಿರಲಿಲ್ಲ. ಹಾಗಿದ್ದರೂ ಇವತ್ತು ಹತ್ತುವ ದಿನವಾಗಿತ್ತು.

ಎಷ್ಟಾದರೂ ಅವನ ಹೆಂಡತಿ ಅವಳು, ದಿನಕ್ಕೆ ಒಂದೇ ಸಲ ಎಂಬುದು ಗೊತ್ತಿತ್ತು. ಅಂದು ಮತ್ತೆ ಮುಟ್ಟಲಿಲ್ಲ. ಮರುದಿನ ಒಂದೇ ಸಲ ಕೀ ತಿರುಗಿಸಿ ನೋಡಿದಳು: ಹತ್ತಲಿಲ್ಲ. ಮೂರು ಸುತ್ತಿಗೇ ಬಿಟ್ಟು, ಪ್ಲಗ್ ಒದ್ದೆಯಾಗದಂತೆ ನೋಡಿಕೊಂಡಳು. ಅದರ ಮರುದಿನ ತಿರುಗಿಸಿ, ಆರಿಸಿ, ತಿರುಗಿಸಿದಳು. ಚಿಟಿಕೆ, ಮತ್ತೊಂದು ಚಿಟಿಕೆ. ಹತ್ತಿತು. ಆಗ ಲೇತಿನವನ ಅಂಗಡಿಗೆ ಹೋಗಿ ಹೇಳಿದಳು.

ಲೇತಿನವನು ಅವಳ ಜೊತೆ ಬಂದು ಲ್ಯಾಪ್‌ಟಾಪ್ ತೆರೆದ. ಅವನಿಗೆ ಈ ವಿದ್ಯೆ ಅಷ್ಟಕ್ಕಷ್ಟೆ; ಆದರೂ ಹುಡುಕಿದ ಮೇಲೆ ಸಿಕ್ಕಿತು. ಎಂಜಿನ್ ತಿರುಗುವ ಮುಂಚಿನ ಮೊದಲ ಗುಟುಕಿಗೆ ಬೇರೆಯದೇ ಒಂದು ಪಟ್ಟಿ, ಎಂಟೇ ಎಂಟು ಚೌಕ. ಕಿವುಡಿಯ ದೆಸೆಯಿಂದ ಅವನು ಒಂದು ಚಳಿಗಾಲ ಪೂರ್ತಿ ಎಂಜಿನ್ನಿಗೆ ಎರಡು ಗುಟುಕು ಕುಡಿಸಿದ್ದ, ಒಂದೇ ಎಂದುಕೊಂಡು ಬೇರೆ ಅಂಕಿಗಳನ್ನೆಲ್ಲ ಅದಕ್ಕೆ ಹೊಂದಿಸಿದ್ದ. ಅವಳ ಕೈಗೆ ಬಂದಾಗ ಕಾರಿಗೆ ಸಿಕ್ಕಿದ್ದು ಒಂದೇ ಗುಟುಕು. ಲ್ಯಾಪ್‌ಟಾಪ್ ಒಯ್ದ ದಿನ ಮತ್ತೆ ಎರಡು. ಆ ಎಂಟು ಚೌಕಗಳನ್ನು ಇಮ್ಮಡಿ ಮಾಡಿದ್ದರೆ ಮುಗಿಯುತ್ತಿತ್ತು. ಒಂದು ಲೋಟ ಚಹ ಆರುವಷ್ಟರಲ್ಲಿ ಆಗುವ ಕೆಲಸ. ಆ ಹನ್ನೊಂದು ದಿನಗಳಲ್ಲಿ ಒಂದು ಬೆಳಗ್ಗೆ ಅವಳ ಪಕ್ಕದ ಸೀಟಿನಲ್ಲಿ ಯಾರಾದರೂ ಕೂತಿದ್ದರೆ, ಸುಮ್ಮನೆ ಕೂತಿದ್ದರೂ, ಆ ಎರಡನೆಯ ಚಿಟಿಕೆ ಕೇಳಿಸುತ್ತಿತ್ತು.

"ಅವನ ಅಂಕಿ ಸರಿಯಾಗೇ ಇತ್ತು," ಎಂದ ಲೇತಿನವನು.

"ನಿಮ್ಮ ಹೆಡ್ಡೂ ಸರಿಯಾಗಿತ್ತು ಅಣ್ಣ."

"ತಿದ್ದಲೇನಮ್ಮ?"

ಅವಳು ಕಿಟಕಿಯ ಥರ್ಮಾಮೀಟರ್ ನೋಡಿದಳು. ಯಾರಿಗೆ ಎಂದಳು. ಲೇತಿನವನು ಮುಚ್ಚಳ ಮುಚ್ಚಿದ.

ಸೋಮವಾರ ಕೊಳ್ಳುವವನು ಬಂದ. ಅವನಿಗೆ ಬೇಕಾಗಿದ್ದದ್ದು ಗೇರ್‌ಬಾಕ್ಸ್ ಮತ್ತು ಬಾಗಿಲುಗಳು; ಎಂಜಿನ್ನನ್ನು ಗುಜರಿಗೆ ಹಾಕುತ್ತೇನೆ, ಎಥನಾಲಿನ ರಗಳೆ ಯಾರಿಗೆ ಬೇಕು ಎಂದು ನೇರವಾಗಿಯೇ ಹೇಳಿದ. ಆದರೂ ಅವಳು ಕಾರಿನ ಕಿಟಕಿಗೆ ಬಗ್ಗಿ ಹೇಳಿದಳು:

"ಕೀ ಹಾಕಿ ಒಂದು ಸಲ ತಿರುಗಿಸಿ. ಆರಿಸಿ. ಆಮೇಲೆ ಮತ್ತೆ ತಿರುಗಿಸಿ ಸ್ಟಾರ್ಟ್ ಮಾಡಿ."

"ಆಯ್ತಮ್ಮ, ಆಯ್ತು," ಎಂದು ಅವನು ಫೋನಿನಲ್ಲಿ ಯಾರಿಗೋ ಉತ್ತರಿಸುತ್ತಲೇ ಕೀ ತಿರುಗಿಸಿದ. ಒಂದೇ ಸಲ.

ಮೇಲೆ, ಖಾಲಿ ಮಂಚದ ಪಕ್ಕ, ಲೇತಿನವನು ಕಿಟಕಿಯಲ್ಲಿ ನಿಂತಿದ್ದ. ಎಂಜಿನ್ ತಿರುಗಿತು, ತಿರುಗಿತು. ತನಗೆ ಅರಿವಿಲ್ಲದೆ ಎಣಿಸತೊಡಗಿದ. ಹನ್ನೆರಡಕ್ಕೆ ಆ ಒದ್ದೆ ಕೆಮ್ಮು ಬಂತು. ಕೊಳ್ಳುವವನು ಬೈದುಕೊಂಡು ಇಳಿದು, ಹಗ್ಗ ತರಿಸಿ, ಕಾರನ್ನು ಸಣ್ಣ ಲಾರಿಯೊಂದರ ಹಿಂದೆ ಕಟ್ಟಿಸಿದ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಓಣಿಯ ತಿರುವಿನಲ್ಲಿ ಕಾರು ಮರೆಯಾದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಲೇತಿನವನು ಮೆಟ್ಟಿಲಿಳಿದು ಬಂದ.

"ಪ್ಲಗ್ ಒದ್ದೆಯಾಗಿರುತ್ತೆ," ಎಂದಳು ಅವಳು.

"ಹೂಂ," ಎಂದ ಅವನು.

ಕಾರು ನಿಲ್ಲುತ್ತಿದ್ದ ಜಾಗದಲ್ಲಿ ನೆಲ ಒಣಗಿತ್ತು, ಸುತ್ತಲೂ ಮಂಜು ಬಿದ್ದು ತೇವವಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಅದೂ ಗೊತ್ತಾಗದಂತೆ ಎಲ್ಲ ಒಂದೇ ಬಣ್ಣವಾಯಿತು.